ಕಣ್ಣು ಮುಚ್ಚಿದರೆ ಏಟು ತಪ್ಪುವುದಿಲ್ಲ

ಕಳೆದ ಜುಲೈ ತಿಂಗಳ ಒಂದು ಸಂಜೆ ಮೂಗಿಗೆ ಹತ್ತಿ ಇಟ್ಟುಕೊಂಡು ಮನೆಗೆ ಹೋದೆ. ಅಮ್ಮಿ ಬಾಗಿಲಲ್ಲೇ ನಿಲ್ಲಿಸಿ, "ಕ್ಯಾ ಹುವಾ ರೇ ಮೂಂ ಕೋ?" ಎಂದು ಕೇಳಿದರು. ಬೈಕಿನಿಂದ ಬಿದ್ದೆ ಎಂದೆ. ನಮ್ಮ ಮನೆಯಲ್ಲಿ ಬೈಕೇ ಇಲ್ಲ ಎನ್ನುವುದು ಸುಳ್ಳು ಹೇಳಿದ ಮೇಲೆ ನೆನಪಾಯಿತು. ಅಬ್ಬಾ ಮಗ್ರಿಬ್ ನಮಾಜ್ ಮುಗಿಸಿ ಬರುವಷ್ಟರಲ್ಲಿ ನಿಜ ಹೊರಬಿದ್ದಿತ್ತು.

ಅಂದು ನನ್ನ ಮೊದಲ ಸ್ಪಾರಿಂಗ್. ಸ್ಪಾರಿಂಗ್ ಎಂದರೆ ಪಂದ್ಯವಲ್ಲ. ಕಲಿತದ್ದನ್ನು ಇನ್ನೊಬ್ಬರ ಎದುರು ನಿಂತು ಅಭ್ಯಾಸ ಮಾಡುವುದು. ನಮ್ಮೂರು ದಾವಣಗೆರೆಯಲ್ಲಿ ಕುಸ್ತಿಯ ಗರಡಿ ಮನೆಗಳು ಹಳೆಯವು, ಬಾಕ್ಸಿಂಗ್ ಮತ್ತು ಕಿಕ್‌ಬಾಕ್ಸಿಂಗ್ ಕಲಿಸುವ ಜಾಗಗಳು ಹೊಸವು. ಅಂಥ ಒಂದು ತಗಡಿನ ಛಾವಣಿಯ ಜಿಮ್‌ನಲ್ಲಿ ನಾಲ್ಕು ತಿಂಗಳು ಪಂಚಿಂಗ್ ಬ್ಯಾಗ್‌ಗೆ ಹೊಡೆದಿದ್ದೆ. ಬ್ಯಾಗ್ ತಿರುಗಿ ಹೊಡೆಯುವುದಿಲ್ಲವಲ್ಲ, ಹಾಗಾಗಿ ನನಗೆ ಎಲ್ಲ ಬರುತ್ತದೆ ಎಂದುಕೊಂಡಿದ್ದೆ. ಎದುರಿಗೆ ಮನುಷ್ಯ ನಿಂತಾಗ ಎರಡು ನಿಮಿಷವೂ ಆಗಿರಲಿಲ್ಲ, ಮೂಗಿನಿಂದ ರಕ್ತ ಬಂತು. ಸರ್ ಬಂದು ಮೂಗು ಒತ್ತಿ ಹಿಡಿದು ಒಂದೇ ಮಾತು ಹೇಳಿದರು: "ಅವನು ಜೋರಾಗಿ ಹೊಡೆದಿಲ್ಲ. ನೀನು ಕಣ್ಣು ಮುಚ್ಚಿದ್ದೆ."

ರಾತ್ರಿ ಮನೆಯಲ್ಲಿ ಪಂಚಾಯಿತಿ ನಡೆಯಿತು. "ಮುಖಕ್ಕೆ ಹೊಡೆಯಬೇಡಿ ಎಂದು ಹದೀಸ್‌ನಲ್ಲೇ ಇದೆ. ಹೊಡೆಯುವುದೂ ಬೇಡ, ಹೊಡೆಸಿಕೊಳ್ಳುವುದೂ ಬೇಡ" ಎಂದರು ನಾನಿ. ಅಮ್ಮಿ ಜಿಮ್ ಬಿಡಿಸಿಬಿಡಿ ಎಂದರು. ಅಬ್ಬಾ ಎರಡು ಷರತ್ತು ಹಾಕಿದರು. ಗಾಯದ ವಿಷಯದಲ್ಲಿ ಇನ್ನೊಮ್ಮೆ ಸುಳ್ಳು ಹೇಳಬಾರದು. ಮಧ್ಯವಾರ್ಷಿಕ ಪರೀಕ್ಷೆಯ ಒಳಗೆ ಇನ್ನೊಮ್ಮೆ ಮುಖ ಒಡೆದುಕೊಂಡು ಬಂದರೆ ಜಿಮ್ ಬಂದ್.

ಮರುದಿನ ಇದನ್ನೆಲ್ಲ ಸರ್‌ಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ನಿಮ್ಮ ನಾನಿ ಹೇಳಿದ್ದು ಕಲಿಯುವವರಿಗೆ ಸರಿಯಾದ ನಿಯಮ. ತಪ್ಪಿಸಿಕೊಳ್ಳುವುದನ್ನು ಕಲಿಯಲು ಮುಖಕ್ಕೆ ಏಟು ಬೇಕಾಗಿಲ್ಲ" ಎಂದರು. ಆಮೇಲಿನ ಮೂರು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಕರಾಟೆ, ಕಿಕ್‌ಬಾಕ್ಸಿಂಗ್ ಕಲಿಯುವ ಗೆಳೆಯರು, ಗೆಳತಿಯರು ಇದ್ದಾರೆ. ಅವರಿಗಾದರೂ ಉಪಯೋಗವಾಗಲಿ.

ಸ್ಕೇಲ್ ಹೇಳಿದ ಸತ್ಯ

ಏಟು ತಪ್ಪಿಸಿಕೊಳ್ಳುವವರನ್ನು ನೋಡಿದಾಗ "ಅವನ ರಿಫ್ಲೆಕ್ಸ್ ಭಾರಿ ಫಾಸ್ಟ್" ಎನ್ನುತ್ತೇವೆ. ನಾನೂ ಹಾಗೇ ನಂಬಿದ್ದೆ. ಇದನ್ನು ಪರೀಕ್ಷಿಸಲು 30 ಸೆಂಟಿಮೀಟರಿನ ಒಂದು ಸ್ಕೇಲ್ ಸಾಕು. ಗೆಳೆಯ ಸ್ಕೇಲನ್ನು ನೆಟ್ಟಗೆ ಹಿಡಿಯಲಿ. ಸೊನ್ನೆಯ ಗುರುತು ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇರಲಿ, ಬೆರಳು ಸ್ಕೇಲಿಗೆ ತಾಗಬಾರದು. ಅವನು ಹೇಳದೆ ಕೇಳದೆ ಕೈಬಿಟ್ಟಾಗ ಹಿಡಿಯಿರಿ. ಎಷ್ಟನೇ ಸೆಂಟಿಮೀಟರಿನಲ್ಲಿ ಹಿಡಿದಿರಿ ಎಂದು ಬರೆದುಕೊಳ್ಳಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ಇದನ್ನು ಸಮಯಕ್ಕೆ ಬದಲಿಸುವ ಲೆಕ್ಕವನ್ನು ವಿಜ್ಞಾನ ವಿಭಾಗದ ಗೆಳೆಯ ಹೇಳಿಕೊಟ್ಟ. ದೂರವನ್ನು ಮೀಟರಿನಲ್ಲಿ ಬರೆದು, ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 15 ಸೆಂ.ಮೀ. ಆದರೆ ಸುಮಾರು 0.17 ಸೆಕೆಂಡ್, 20 ಸೆಂ.ಮೀ. ಆದರೆ 0.20, 25 ಸೆಂ.ಮೀ. ಆದರೆ 0.23.

ನನ್ನ ಸರಾಸರಿ 19 ಸೆಂ.ಮೀ. ಬಂತು. ಸರ್ ಅವರದ್ದು 22. ಅಂದರೆ ನಲವತ್ತು ದಾಟಿದ ಸರ್ ನನಗಿಂತ ನಿಧಾನ! ಆದರೂ ಮೂರು ನಿಮಿಷದ ಒಂದು ಸುತ್ತಿನಲ್ಲಿ ನನ್ನ ಗ್ಲೌಸ್ ಅವರ ಹಣೆಗೆ ಒಮ್ಮೆಯೂ ತಾಗುವುದಿಲ್ಲ. ವೇಗ ನನಗೆ ಹೆಚ್ಚಿದ್ದರೂ ತಪ್ಪಿಸಿಕೊಳ್ಳುವವರು ಅವರು. ಹಾಗಾದರೆ ಅವರ ಬಳಿ ಇರುವುದು ಏನು?

ಏಟು ಮುಷ್ಟಿಯಲ್ಲಿ ಶುರುವಾಗುವುದಿಲ್ಲ

ಉತ್ತರ ಸಿಕ್ಕಿದ್ದು ಮೊಬೈಲಿನಲ್ಲಿ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಸ್ಲೋ ಮೋಷನ್‌ನಲ್ಲಿ ನನ್ನ ಜೊತೆಗಾರನ ಜ್ಯಾಬ್ ಚಿತ್ರೀಕರಿಸಿದೆವು. ಜ್ಯಾಬ್ ಎಂದರೆ ಮುಂದಿನ ಕೈಯಿಂದ ನೇರವಾಗಿ ಬರುವ ಏಟು. ಅವನ ಮುಷ್ಟಿ ಗದ್ದದ ಬಳಿಯಿಂದ ಹೊರಟು ಗುರಿ ಮುಟ್ಟಲು 36 ಫ್ರೇಮ್ ಹಿಡಿಯಿತು, ಅಂದರೆ 0.15 ಸೆಕೆಂಡ್. ನನಗೆ ಸ್ಕೇಲ್ ಹಿಡಿಯಲು ಬೇಕಾದದ್ದೇ 0.20 ಸೆಕೆಂಡ್. ಮುಷ್ಟಿ ಹೊರಟದ್ದನ್ನು ನೋಡಿ ತಪ್ಪಿಸಿಕೊಳ್ಳುತ್ತೇನೆ ಎಂದು ಕಾದರೆ ಲೆಕ್ಕವೇ ಹೊಂದುವುದಿಲ್ಲ. ಏಟು ಮುಟ್ಟಿದ ಮೇಲೆ ನಾನು ಅಲ್ಲಾಡುತ್ತೇನೆ.

ಆದರೆ ವಿಡಿಯೊ ಹಿಂದಕ್ಕೆ ಓಡಿಸಿದಾಗ ಇನ್ನೊಂದು ಕಂಡಿತು. ಮುಷ್ಟಿ ಹೊರಡುವ 24 ಫ್ರೇಮ್ ಮುಂಚೆಯೇ ಅವನ ಮುಂದಿನ ಭುಜ ಸ್ವಲ್ಪ ಏರಿತ್ತು, ಹಿಂದಿನ ಕಾಲಿನ ಹಿಮ್ಮಡಿ ಎದ್ದಿತ್ತು. ಅಂದರೆ 0.10 ಸೆಕೆಂಡ್ ಮೊದಲೇ ಏಟು ಶುರುವಾಗಿದೆ. ಸರ್ ನೋಡುವುದು ಅದನ್ನು. ಅವರು ಯಾರ ಕೈಯನ್ನೂ ದಿಟ್ಟಿಸುವುದಿಲ್ಲ. ಕಣ್ಣು ಎದುರಾಳಿಯ ಎದೆಯ ಮೇಲ್ಭಾಗದಲ್ಲಿ, ಎರಡು ಭುಜಗಳ ನಡುವೆ ಇರುತ್ತದೆ. ಅಲ್ಲಿ ನೋಡಿದರೆ ಭುಜ, ಸೊಂಟ, ಕಾಲು ಎಲ್ಲವೂ ಕಣ್ಣಂಚಿನಲ್ಲಿ ಕಾಣುತ್ತವೆ. ಎದುರಾಳಿಯ ಕಣ್ಣನ್ನೇ ನೋಡಿದರೆ ಅವನು ಕಣ್ಣಿನಿಂದಲೇ ಮೋಸ ಮಾಡಬಹುದು. ಎದೆಯಿಂದ ಮೋಸ ಮಾಡುವುದು ಕಷ್ಟ.

ಕಣ್ಣು ಏಕೆ ಮುಚ್ಚುತ್ತದೆ?

ಮುಖದ ಕಡೆಗೆ ಏನಾದರೂ ವೇಗವಾಗಿ ಬಂದರೆ ರೆಪ್ಪೆ ಮುಚ್ಚುವುದು, ಕತ್ತು ತಿರುಗುವುದು ಹುಟ್ಟಿನಿಂದ ಬಂದ ರಕ್ಷಣೆ. ಕಣ್ಣಿಗೆ ಧೂಳು ಬೀಳದಂತೆ ಕಾಯುವುದೂ ಅದೇ. ಹೇಡಿತನ ಅಲ್ಲ. ಆದರೆ ಸ್ಪಾರಿಂಗ್‌ನಲ್ಲಿ ಅದು ನಷ್ಟ. ಕಣ್ಣು ಮುಚ್ಚಿದಾಗ ಮೊದಲನೆಯ ಏಟೂ ಕಾಣುವುದಿಲ್ಲ, ಹಿಂದೆ ಬರುವ ಎರಡನೆಯದೂ ಕಾಣುವುದಿಲ್ಲ. ನನ್ನ ಮೂಗು ಒಡೆದದ್ದು ಎರಡನೆಯದರಿಂದ.

"ನಾಲ್ಕು ಏಟು ತಿಂದರೆ ತಾನೇ ಭಯ ಹೋಗುತ್ತದೆ" ಎಂದು ಜಿಮ್‌ನಲ್ಲಿ ಕೆಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಇದು ತಪ್ಪು. ಜೋರಾಗಿ ಏಟು ಬಿದ್ದಾಗ ದೇಹ ಕಲಿಯುವ ಪಾಠ ಒಂದೇ, ಮುಂದಿನ ಸಲ ಇನ್ನೂ ಬೇಗ ಕಣ್ಣು ಮುಚ್ಚು ಎಂದು. ನೋವಿಲ್ಲದ ಏಟನ್ನು ನೂರಾರು ಸಲ ನೋಡಿದಾಗ ಮಾತ್ರ ಇದು ಅಪಾಯವಲ್ಲ ಎಂದು ದೇಹಕ್ಕೆ ಗೊತ್ತಾಗುತ್ತದೆ.

ಸರ್ ಮಾಡಿಸಿದ ಅಭ್ಯಾಸ ಸರಳವಾಗಿತ್ತು. ನಾನು ಎರಡು ಗ್ಲೌಸನ್ನೂ ಹಣೆಗೆ ಒತ್ತಿ ಹಿಡಿದು ನಿಲ್ಲಬೇಕು. ಗದ್ದ ಎದೆಯ ಕಡೆಗೆ. ಜೊತೆಗಾರ ಆ ಗ್ಲೌಸಿಗೆ ಮೆಲ್ಲಗೆ ತಟ್ಟಬೇಕು. ನಾನು ಕಣ್ಣು ತೆರೆದು, ಪ್ರತಿ ತಟ್ಟಿಗೂ ಬಾಯಿಯಿಂದ ಚಿಕ್ಕದಾಗಿ ಉಸಿರು ಬಿಡಬೇಕು. ಉಸಿರು ಕಟ್ಟಿದರೆ ಭುಜ ಬಿಗಿಯುತ್ತದೆ, ಬಿಗಿದ ಭುಜ ಬೇಗ ಅಲ್ಲಾಡುವುದಿಲ್ಲ. ದಿನಕ್ಕೆ ಎರಡು ನಿಮಿಷ. ಮೂರನೆಯ ವಾರಕ್ಕೆ ತಟ್ಟುವಾಗ ಅವನ ಭುಜ ನನಗೆ ಕಾಣಿಸತೊಡಗಿತು.

ಉತ್ತರಗಳು ಕಡಿಮೆ ಇರಲಿ

1952ರಲ್ಲಿ ವಿಲಿಯಂ ಎಡ್ಮಂಡ್ ಹಿಕ್ ಎಂಬ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಒಂದು ವಿಷಯ ತೋರಿಸಿಕೊಟ್ಟರು. ಎದುರಿಗಿರುವ ಆಯ್ಕೆಗಳು ಹೆಚ್ಚಾದಂತೆ ಪ್ರತಿಕ್ರಿಯೆಗೆ ಬೇಕಾದ ಸಮಯವೂ ಹೆಚ್ಚುತ್ತದೆ. ಒಂದೇ ದೀಪ ಹೊತ್ತಿದರೆ ಒಂದೇ ಗುಂಡಿ ಒತ್ತುವುದು ಬೇಗ. ಎಂಟು ದೀಪಗಳಲ್ಲಿ ಹೊತ್ತಿದ ದೀಪಕ್ಕೆ ಸರಿಯಾದ ಗುಂಡಿ ಹುಡುಕಿ ಒತ್ತುವುದು ನಿಧಾನ. ಸ್ಪಾರಿಂಗ್‌ನಲ್ಲಿಯೂ ಇದೇ ಆಗುತ್ತದೆ. ನಾನು ಯೂಟ್ಯೂಬ್ ನೋಡಿ ಜ್ಯಾಬ್‌ಗೆ ಆರು ಬಗೆಯ ಉತ್ತರ ಕಲಿತಿದ್ದೆ. ಏಟು ಬಂದಾಗ ಆರರಲ್ಲಿ ಯಾವುದು ಎಂದು ಯೋಚಿಸುವಷ್ಟರಲ್ಲಿ ಮೂಗಿನ ಮೇಲೆ ಇರುತ್ತಿತ್ತು.

ಸರ್ ಎಲ್ಲ ಬಿಡಿಸಿ, ಒಂದು ಏಟಿಗೆ ಒಂದೇ ಉತ್ತರ ಕೊಟ್ಟರು. ಇಬ್ಬರೂ ಎಡಗಾಲು ಮುಂದಿಟ್ಟು ನಿಂತಿದ್ದೇವೆ ಎಂದುಕೊಳ್ಳಿ. ಎದುರಾಳಿಯ ಎಡಗೈ ಜ್ಯಾಬ್ ಬಂದರೆ ನನ್ನ ಬಲ ಅಂಗೈಯಿಂದ ನಾಲ್ಕು ಬೆರಳಿನಷ್ಟು ಮಾತ್ರ ಪಕ್ಕಕ್ಕೆ ತಳ್ಳುವುದು. ಅವನ ಬಲಗೈ ಕ್ರಾಸ್ ಬಂದರೆ ತಲೆಯನ್ನು ನನ್ನ ಎಡಕ್ಕೆ ಸರಿಸುವುದು. ಅವನ ಎಡಗೈ ಹುಕ್ ಪಕ್ಕದಿಂದ ಬಂದರೆ ಬಲ ಗ್ಲೌಸನ್ನು ಕಿವಿಗೆ ಒತ್ತಿ ತಡೆಯುವುದು. ಅಷ್ಟೇ.

ಮೊದಲ ವಾರ ಜ್ಯಾಬ್ ಮಾತ್ರ. ಎರಡನೆಯ ವಾರ ಕ್ರಾಸ್ ಮಾತ್ರ. ಮೂರನೆಯ ವಾರ ಎರಡರಲ್ಲಿ ಯಾವುದಾದರೂ ಬರಬಹುದು. ನಾಲ್ಕನೆಯ ವಾರ ಹುಕ್ ಸೇರಿತು. ಹತ್ತರಲ್ಲಿ ಏಳೆಂಟು ತಪ್ಪಿಸಿಕೊಳ್ಳುವಷ್ಟು ವೇಗದಲ್ಲಿ ಅಭ್ಯಾಸ ನಡೆಯಬೇಕು. ಒಂಬತ್ತು ತಪ್ಪಿಸಿಕೊಂಡರೆ ಜೊತೆಗಾರ ವೇಗ ಹೆಚ್ಚಿಸುತ್ತಾನೆ, ಆರಕ್ಕಿಂತ ಇಳಿದರೆ ತಗ್ಗಿಸುತ್ತಾನೆ.

ಎರಡು ಎಚ್ಚರಿಕೆ ಇವೆ. ಒಂದು, ಜೊತೆಗಾರ ತಾಳ ಹಾಕಿದಂತೆ ಒಂದೇ ಲಯದಲ್ಲಿ ಹೊಡೆಯಬಾರದು. ಹಾಗೆ ಹೊಡೆದರೆ ನಾವು ತಾಳ ಕಲಿಯುತ್ತೇವೆ, ಭುಜ ನೋಡುವುದನ್ನು ಕಲಿಯುವುದಿಲ್ಲ. ಎರಡು, ಅಲ್ಲಾಡಿದ್ದಕ್ಕೆಲ್ಲ ಉತ್ತರಿಸಬಾರದು. ಹೊಡೆಯುವಂತೆ ನಟಿಸಿ ನಮ್ಮ ಕೈಯನ್ನು ಹೊರಗೆಳೆಯುವುದು ಎದುರಾಳಿಯ ತಂತ್ರ. ನಾನು ಜ್ಯಾಬ್ ಹಿಡಿಯಲು ಕೈಯನ್ನು ಒಂದಡಿ ಮುಂದೆ ಚಾಚುತ್ತಿದ್ದೆ, ಖಾಲಿಯಾದ ಜಾಗದಲ್ಲಿ ಹುಕ್ ಬಂದು ಕೂರುತ್ತಿತ್ತು. ಉತ್ತರ ಚಿಕ್ಕದಾಗಿದ್ದರೆ ಮೋಸಹೋದರೂ ನಷ್ಟ ಚಿಕ್ಕದು.

ಅರ್ಧ ಹೆಜ್ಜೆಯ ಬೆಲೆ

ಭುಜ ನೋಡಿ 0.10 ಸೆಕೆಂಡ್ ಗಳಿಸಿದರೂ ತಲೆ ಸರಿಸಲು ಸಮಯ ಸಾಲುವುದಿಲ್ಲ. ಉಳಿದ ಸಮಯವನ್ನು ಕಾಲು ಕೊಡಬೇಕು. ಎದುರಾಳಿ ಕೈ ಚಾಚಿದರೆ ಮುಟ್ಟುವ ದೂರದಲ್ಲಿ ನಿಂತರೆ ಅವನಿಗೆ ಕೈ ಒಂದೇ ಸಾಕು. ಅರ್ಧ ಹೆಜ್ಜೆ ಹಿಂದೆ ನಿಂತರೆ ಅವನು ಕಾಲು ಮುಂದಿಡಲೇಬೇಕು. ಕಾಲು ಕೈಗಿಂತ ನಿಧಾನ, ಕಣ್ಣಿಗೂ ದೊಡ್ಡದಾಗಿ ಕಾಣುತ್ತದೆ. ಹಿಂದೆ ಸರಿಯುವಾಗ ನೇರವಾಗಿ ಎರಡು ಹೆಜ್ಜೆಗಿಂತ ಹೆಚ್ಚು ಹೋಗಬಾರದು. ಮೂರನೆಯದು ಪಕ್ಕಕ್ಕೆ ಇರಬೇಕು, ಇಲ್ಲದಿದ್ದರೆ ಬೆನ್ನಿಗೆ ಹಗ್ಗ ತಾಗುತ್ತದೆ.

ಅಬ್ಬಾ ಅವರ ಬಟ್ಟೆ ಅಂಗಡಿಯಲ್ಲಿ ಮುಹಮ್ಮದ್ ಅಲಿಯವರ ಹಳೆಯ ಫೋಟೊ ಇದೆ. 1964ರ ಫೆಬ್ರವರಿಯಲ್ಲಿ, 22ನೆಯ ವಯಸ್ಸಿನಲ್ಲಿ, ಸಾನಿ ಲಿಸ್ಟನ್‌ರನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದಾಗ ಅಲಿ ಕೈಗಳನ್ನು ಕೆಳಗಿಟ್ಟು, ತಲೆಯನ್ನು ಹಿಂದಕ್ಕೆ ವಾಲಿಸಿ ಏಟು ತಪ್ಪಿಸಿಕೊಳ್ಳುತ್ತಿದ್ದರು. ಹೊಸಬರು ಹಾಗೆ ಮಾಡಬಾರದು ಎಂದು ಎಲ್ಲ ಕೋಚ್‌ಗಳೂ ಹೇಳುತ್ತಾರೆ. ಅವರಿಗೆ ಅದು ಸಾಧ್ಯವಾದದ್ದು ಕಾಲುಗಳಿಂದ, ದೂರದ ಅಳತೆಯಿಂದ. ಸೈನ್ಯಕ್ಕೆ ಸೇರಲು ನಿರಾಕರಿಸಿದ್ದರಿಂದ 1967ರಿಂದ 1970ರವರೆಗೆ ಅವರಿಗೆ ಕಣದಲ್ಲಿ ಅವಕಾಶವಿರಲಿಲ್ಲ. ಮರಳಿ ಬಂದಾಗ ಕಾಲುಗಳಲ್ಲಿ ಮೊದಲಿನ ಚುರುಕು ಇರಲಿಲ್ಲ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ, ಜಾರ್ಜ್ ಫೋರ್ಮನ್‌ರ ಏಟುಗಳನ್ನು ತೋಳು ಮತ್ತು ಹೊಟ್ಟೆಯ ಮೇಲೆ ತೆಗೆದುಕೊಂಡು, ಅವರು ದಣಿದ ಮೇಲೆ ಎಂಟನೆಯ ಸುತ್ತಿನಲ್ಲಿ ಗೆದ್ದರು. ಆ ಪಂದ್ಯವನ್ನು ನಾವೆಲ್ಲ ಹೊಗಳುತ್ತೇವೆ. ಅಬ್ಬಾ ಮಾತ್ರ ಇನ್ನೊಂದು ಇಸವಿ ನೆನಪಿಸುತ್ತಾರೆ: 1984. ಅಲಿಯವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಗೊತ್ತಾದ ವರ್ಷ. ಆಗ ಅವರಿಗೆ 42 ವರ್ಷ. ಏಟುಗಳೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ "ತಾಳಿಕೊಳ್ಳುವುದು ಬೇರೆ, ತಪ್ಪಿಸಿಕೊಳ್ಳುವುದು ಬೇರೆ" ಎಂಬ ಅಬ್ಬಾ ಮಾತು ನನಗೆ ಸರಿ ಎನಿಸಿದೆ.

ದೂರದ ಅಳತೆ ಕಲಿಯಲು ನಿಜಾಮಾಬಾದಿನ ನಿಖತ್ ಜರೀನ್ ಅವರ ಪಂದ್ಯಗಳನ್ನು ನೋಡಿ. 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದವರು. ಕೈಯನ್ನು ಬಿಟ್ಟು ಅವರ ಕಾಲನ್ನು ಮಾತ್ರ ನೋಡುತ್ತ ಒಂದು ಸುತ್ತು ಮುಗಿಸಿ.

ಕಾಲಿನಿಂದಲೂ ಏಟು ಬಂದರೆ

ಕಿಕ್‌ಬಾಕ್ಸಿಂಗ್ ಮಾಡುವವರು ಬಾಕ್ಸಿಂಗ್‌ನ ರಕ್ಷಣೆಯನ್ನು ಹಾಗೇ ತಂದರೆ ಕಷ್ಟ. ಬಾಕ್ಸಿಂಗ್‌ನಲ್ಲಿ ಹುಕ್ ಬಂದಾಗ ಕೆಳಗೆ ಬಗ್ಗಿ ಪಾರಾಗಬಹುದು. ಕಿಕ್‌ಬಾಕ್ಸಿಂಗ್‌ನಲ್ಲಿ ಬಗ್ಗಿದ ತಲೆ ಏರುತ್ತಿರುವ ಕಾಲಿಗೆ ಎದುರಾಗಿ ಹೋಗುತ್ತದೆ. ಅಲ್ಲಿ ಬಗ್ಗುವುದು ಕಡಿಮೆ, ಹೆಜ್ಜೆ ಮತ್ತು ಗಾರ್ಡ್ ಹೆಚ್ಚು. ಬಾಕ್ಸರ್ ಪಕ್ಕಕ್ಕೆ ತಿರುಗಿ, ಮುಂಗಾಲಿನ ಮೇಲೆ ಭಾರ ಹಾಕಿ ನಿಂತರೆ ಆ ತೊಡೆ ಲೋ ಕಿಕ್‌ಗೆ ಸಿಕ್ಕಿಬೀಳುತ್ತದೆ. ಭಾರ ಇರುವ ಕಾಲನ್ನು ತಟ್ಟನೆ ಎತ್ತಲು ಆಗುವುದಿಲ್ಲ.

ಲೋ ಕಿಕ್‌ಗೂ ಒಂದೇ ಉತ್ತರ ಇಟ್ಟುಕೊಳ್ಳಿ. ಎದುರಾಳಿಯ ಬಲಗಾಲು ಬರುವಾಗ ಎಡ ಮೊಣಕಾಲನ್ನು ಎತ್ತಿ ಸ್ವಲ್ಪ ಹೊರಕ್ಕೆ ತಿರುಗಿಸಿ, ಮೊಣಕಾಲಿನ ಕೆಳಗಿನ ಎಲುಬಿನಿಂದ ತಡೆಯುವುದು. ಇದನ್ನು ಚೆಕ್ ಎನ್ನುತ್ತಾರೆ. ಕಾಲು ಎತ್ತಿದಾಗ ಕೈ ಕೆಳಗಿಳಿಯಬಾರದು. ಅಭ್ಯಾಸದಲ್ಲಿ ಇಬ್ಬರಿಗೂ ಶಿನ್ ಗಾರ್ಡ್ ಕಡ್ಡಾಯ. ಕಿಕ್‌ನ ಮುನ್ಸೂಚನೆ ಜ್ಯಾಬ್‌ಗಿಂತ ದೊಡ್ಡದು: ನಿಂತ ಕಾಲಿನ ಪಾದ ಹೊರಕ್ಕೆ ತಿರುಗುತ್ತದೆ, ಸೊಂಟ ತೆರೆದುಕೊಳ್ಳುತ್ತದೆ. ಎದೆಯ ಮೇಲೆ ಕಣ್ಣಿಟ್ಟವರಿಗೆ ಇದು ಕಾಣುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಅಸಾಧ್ಯವೇನಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ ಮೊದಲು ಕಲಿತದ್ದು ಮುಯ್ ಥಾಯ್.

ಮನೆಯಲ್ಲಿ, ಖರ್ಚಿಲ್ಲದೆ

ಟೆರೇಸ್ ಮೇಲೆ ಬಟ್ಟೆ ಒಣಗಿಸುವ ಹಗ್ಗವನ್ನು ಭುಜದ ಎತ್ತರಕ್ಕೆ ಕಟ್ಟಿ, ಮುಂದೆ ನಡೆಯುತ್ತ ತಲೆಯನ್ನು ಹಗ್ಗದ ಈ ಕಡೆ ಆ ಕಡೆ ದಾಟಿಸಿ. ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಬೇಕು. ಕಣ್ಣು ನೆಲಕ್ಕೆ ಹೋಗಬಾರದು. ಕಾಲುಚೀಲದಲ್ಲಿ ಅಕ್ಕಿ ತುಂಬಿ ಹಣೆಯ ಎತ್ತರಕ್ಕೆ ತೂಗುಹಾಕಿ, ತಳ್ಳಿ, ಅದು ತಿರುಗಿ ಬರುವಾಗ ಎರಡು ಇಂಚಿನಷ್ಟೇ ತಲೆ ಸರಿಸಿ. ನನ್ನ ತಂಗಿ ಸುತ್ತಿದ ಕಾಲುಚೀಲಗಳನ್ನು ನನ್ನ ಮುಖಕ್ಕೆ ಎಸೆಯುತ್ತಾಳೆ. ಈ ಒಂದು ಕೆಲಸಕ್ಕೆ ಅವಳನ್ನು ಎರಡು ಸಲ ಕರೆಯಬೇಕಾಗಿಲ್ಲ. ಇವೆಲ್ಲ ಕಣ್ಣಿಗೆ, ಕತ್ತಿಗೆ, ಕಾಲಿಗೆ ಒಳ್ಳೆಯದು. ಆದರೆ ಕಾಲುಚೀಲಕ್ಕೆ ಭುಜ ಇಲ್ಲ. ಭುಜ ಓದುವುದನ್ನು ಮನುಷ್ಯನ ಎದುರು ನಿಂತೇ ಕಲಿಯಬೇಕು, ಮೆಲ್ಲಗೆ.

ಇದೊಂದನ್ನು ಮರೆಯಬೇಡಿ

ಸ್ಪಾರಿಂಗ್‌ಗೆ ದಪ್ಪ ಗ್ಲೌಸ್ ಬೇಕು. ನಮ್ಮ ಜಿಮ್‌ನಲ್ಲಿ ದೊಡ್ಡವರಿಗೆ 16 ಔನ್ಸ್, ಅಂದರೆ ಸುಮಾರು 450 ಗ್ರಾಂ. ಹಲ್ಲಿಗೆ ಮೌತ್‌ಗಾರ್ಡ್ ಬೇಕು. ಹೆಡ್‌ಗಾರ್ಡ್ ಚರ್ಮ ಸೀಳದಂತೆ ಕಾಪಾಡುತ್ತದೆ. ಆದರೆ ತಲೆಯೊಳಗೆ ಮಿದುಳು ಅಲುಗುವುದನ್ನು ತಡೆಯುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಹೆಡ್‌ಗಾರ್ಡ್ ಇದೆಯೆಂದು ಜೋರಾಗಿ ಹೊಡೆಯಬಾರದು. ತಲೆಗೆ ಏಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು, ಕಣ್ಣು ಮಂಜಾಗುವುದು, ಈಗ ನಡೆದದ್ದು ನೆನಪಾಗದಿರುವುದು ಇದ್ದರೆ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಿತು. ಮನೆಯವರಿಗೆ ಹೇಳಿ ಡಾಕ್ಟರ ಬಳಿ ಹೋಗಬೇಕು, ಅವರು ಸರಿ ಎನ್ನುವವರೆಗೆ ಸ್ಪಾರಿಂಗ್ ಬೇಡ. ಮುಚ್ಚಿಟ್ಟರೆ ಅಪಾಯ ಹೆಚ್ಚು. ಬೈಕಿನಿಂದ ಬಿದ್ದೆ ಎಂದು ನಾನು ಹೇಳಿದ್ದು ಮೂಗಿನ ವಿಷಯಕ್ಕೆ, ಅದೃಷ್ಟ. ತಲೆಯ ವಿಷಯಕ್ಕೆ ಹೇಳಿದ್ದರೆ ಏನಾಗುತ್ತಿತ್ತೋ.

ನನ್ನ ಲೆಕ್ಕದ ಪುಸ್ತಕ

ವಾಣಿಜ್ಯ ವಿದ್ಯಾರ್ಥಿಯಾದ್ದರಿಂದ ಹಳೆಯ ನೋಟ್‌ಬುಕ್‌ನಲ್ಲಿ ಖಾತೆ ತೆರೆದಿದ್ದೆ. ಒಳಗೆ ಬಂದದ್ದನ್ನು ಡೆಬಿಟ್ ಮಾಡು ಎಂಬ ನಿಯಮದಂತೆ ಬಿದ್ದ ಏಟುಗಳನ್ನು ಎಡಗಡೆ, ತಪ್ಪಿಸಿಕೊಂಡದ್ದನ್ನು ಬಲಗಡೆ ಬರೆದೆ. ಎಣಿಸಿ ಹೇಳುವವನು ಕಣದ ಹೊರಗೆ ಕೂತ ಇನ್ನೊಬ್ಬ ಹುಡುಗ. ಆಗಸ್ಟ್ ಮೊದಲ ವಾರ ಎರಡು ನಿಮಿಷದ ಒಂದು ಸುತ್ತಿನಲ್ಲಿ ಎಡಗಡೆ 17, ಕಣ್ಣು ಮುಚ್ಚಿದ್ದು 11 ಸಲ. ಅಕ್ಟೋಬರ್‌ನಲ್ಲಿ ಅದೇ ಜೊತೆಗಾರ, ಅಷ್ಟೇ ಸಮಯ, ಎಡಗಡೆ 6, ಕಣ್ಣು ಮುಚ್ಚಿದ್ದು 2 ಸಲ. ಅಂದೇ ಸ್ಕೇಲ್ ಪರೀಕ್ಷೆಯನ್ನೂ ಮತ್ತೆ ಮಾಡಿದೆ. ಸರಾಸರಿ ಮೊದಲಿನ 19 ಸೆಂಟಿಮೀಟರೇ. ನನ್ನ ವೇಗ ಒಂದು ಕೂದಲಿನಷ್ಟೂ ಹೆಚ್ಚಿರಲಿಲ್ಲ. ಹೆಚ್ಚಿದ್ದು ನೋಡುವುದು.

ಎಡಗೈ ಮುಂದಿಟ್ಟು ಆಡುವವರ ಎದುರು ಇಷ್ಟು ಕಲಿತಿದ್ದೇನೆ. ಬಲಗೈ ಮುಂದಿಡುವ ಎಡಗೈಯವನೊಬ್ಬ ಹೊಸದಾಗಿ ಸೇರಿದ್ದಾನೆ. ಅವನ ಎದುರು ನನ್ನ ಲೆಕ್ಕವೆಲ್ಲ ತಿರುಗುಮುರುಗು, ಮತ್ತೆ ಒಂದನೆಯ ವಾರದಿಂದ ಶುರು ಮಾಡಿದ್ದೇನೆ.

ಮಧ್ಯವಾರ್ಷಿಕ ಪರೀಕ್ಷೆ ಮುಗಿಯಿತು, ಜಿಮ್ ಬಂದ್ ಆಗಲಿಲ್ಲ. ಆದರೂ ಪ್ರತಿ ಶನಿವಾರ ಸಂಜೆ ನಾನಿ ನನ್ನ ಗದ್ದ ಹಿಡಿದು, ಮುಖವನ್ನು ಟ್ಯೂಬ್‌ಲೈಟ್ ಕಡೆಗೆ ತಿರುಗಿಸಿ, ಎರಡೂ ಕೆನ್ನೆ ನೋಡಿ, ಆಮೇಲೆ ಚಹಾ ಕೊಡುತ್ತಾರೆ. ಸ್ಕೇಲ್ ಪರೀಕ್ಷೆ ಮಾಡಿ ನೋಡಬೇಕು ಎನ್ನುವವರು, ಉಪನ್ಯಾಸಕರೂ ಸೇರಿ, ಮಧ್ಯಾಹ್ನದ ಬಿಡುವಿನಲ್ಲಿ ವಾಣಿಜ್ಯ ವಿಭಾಗದ ಕಾರಿಡಾರ್‌ಗೆ ಬನ್ನಿ. ಸ್ಕೇಲ್ ನಾನೇ ತರುತ್ತೇನೆ.